ಗಂಟೆಗೆ 306 ಕಿ.ಮೀ. ಗಾಳಿ: ಅಳೆದವರು ಯಾರು?

ಪ್ರಶ್ನೆ: 2021ರ ಡಿಸೆಂಬರ್‌ನಲ್ಲಿ ಅಮೆರಿಕದ ಕೆಂಟಕಿಯಲ್ಲಿ ಬೀಸಿದ ಸುಂಟರಗಾಳಿಯ ವೇಗ ಗಂಟೆಗೆ 306 ಕಿ.ಮೀ. ಇತ್ತು ಅಂತ ಎಲ್ಲ ಕಡೆ ಬರೆದಿದೆ. ಇಡೀ ಕಾರ್ಖಾನೆಯೇ ನೆಲಕಚ್ಚಿದ ಊರಿನಲ್ಲಿ ಗಾಳಿ ಅಳೆಯುವ ಯಂತ್ರ ಹೇಗೆ ಉಳಿಯಿತು? ಉಳಿಯದಿದ್ದರೆ ಈ ಅಂಕಿ ಬಂದದ್ದೆಲ್ಲಿಂದ?

ಉತ್ತರ: ಯಾರೂ ಅಳೆಯಲಿಲ್ಲ. ಅದು ಅಂದಾಜು. ಹಾಗಂತ ಸುಮ್ನೆ ಬಾಯಿಗೆ ಬಂದ ಅಂದಾಜೂ ಅಲ್ಲ. ಗಾಳಿ ಹೋದ ಮೇಲೆ ಬಿದ್ದ ಮನೆಗಳ ಮುಂದೆ ನಿಂತು, ಬಗ್ಗಿ, ಬೋಲ್ಟುಗಳನ್ನು ನೋಡಿ ಲೆಕ್ಕ ಹಾಕಿದ ಅಂದಾಜು.

ಮೊದಲು ಒಂದು ಮಾತು. ನಮ್ಮ ಕಡೆ ಸುಂಟರಗಾಳಿ ಅಂದರೆ ಬೇಸಿಗೆಯ ಮಧ್ಯಾಹ್ನ ಬಯಲಿನಲ್ಲಿ ಧೂಳು, ಒಣ ಎಲೆ ಎತ್ತಿಕೊಂಡು ಗಿರಗಿರನೆ ಸುತ್ತುವ ಗಾಳಿಯೂ ಹೌದು. ಅದು ಕಾದ ನೆಲದಿಂದ ಮೇಲೇಳುತ್ತದೆ. ಅಮೆರಿಕದ್ದು ಗುಡುಗು ಮೋಡದ ಹೊಟ್ಟೆಯಿಂದ ಕೆಳಗಿಳಿಯುವಂಥದ್ದು. ಎರಡಕ್ಕೂ ಒಂದೇ ಹೆಸರಿದ್ದರೆ ಗೊಂದಲ. ಅದಕ್ಕೇ ಇಲ್ಲಿಂದ ಮುಂದೆ ಟೊರ್ನೆಡೊ ಅಂತಲೇ ಬರೆಯುತ್ತೇನೆ.

2021ರ ಡಿಸೆಂಬರ್ 10, ಶುಕ್ರವಾರ. ಚಳಿಗಾಲ ಅನ್ನೋದು ಹೆಸರಿಗಷ್ಟೇ. ಮೆಕ್ಸಿಕೊ ಕೊಲ್ಲಿಯಿಂದ ಬೆಚ್ಚಗಿನ, ತೇವ ತುಂಬಿದ ಗಾಳಿ ಉತ್ತರದವರೆಗೂ ನುಗ್ಗಿತ್ತು. ಮೇಲೆ ಚಳಿಗಾಲದ ಜೋರು ಗಾಳಿ, ಕೆಳಗೆ ಬೇಸಿಗೆಯಂಥ ತೇವ. ಟೊರ್ನೆಡೊಗೆ ಇದಕ್ಕಿಂತ ಒಳ್ಳೆ ಊಟ ಬೇಕಾ? ರಾತ್ರಿ ಒಂಬತ್ತೂವರೆಯ ಹೊತ್ತಿಗೆ ಮೇಫೀಲ್ಡ್ ಎಂಬ ಸಣ್ಣ ಊರಿನ ಮಧ್ಯದಿಂದಲೇ ಅದು ಹಾದುಹೋಯಿತು. ಕೋರ್ಟಿನ ಹಳೆಯ ಕಟ್ಟಡದ ಗಡಿಯಾರ ಗೋಪುರ ಉರುಳಿತು. ಮೇಣದಬತ್ತಿ ಕಾರ್ಖಾನೆಯಲ್ಲಿ ರಾತ್ರಿ ಪಾಳಿ ನಡೆಯುತ್ತಿತ್ತು. ಕಟ್ಟಡ ಕೆಲಸಗಾರರ ಮೇಲೆಯೇ ಕುಸಿಯಿತು. ನೆಲ ಮುಟ್ಟಿದಲ್ಲಿಂದ ಹಿಡಿದು ಹೆಚ್ಚೂಕಮ್ಮಿ ಮೂರು ಗಂಟೆ ಅದು ನೆಲ ಬಿಡಲಿಲ್ಲ. 57 ಜನ ಸತ್ತರು.

ಮಾರನೆಯ ದಿನದಿಂದ ಸಮೀಕ್ಷೆ. ಅಮೆರಿಕದ ರಾಷ್ಟ್ರೀಯ ಹವಾಮಾನ ಸೇವೆಗೆ ದೇಶದ ತುಂಬ 122 ಮುನ್ಸೂಚನಾ ಕಚೇರಿಗಳಿವೆ. ಮೇಫೀಲ್ಡ್‌ಗೆ ಹತ್ತಿರದ್ದು ಪಡೂಕಾದ ಕಚೇರಿ, ಸುಮಾರು 40 ಕಿ.ಮೀ. ದೂರ. ಸಾಮಾನ್ಯವಾಗಿ ಎಚ್ಚರಿಕೆ ಹೊರಡಿಸಿದ ಕಚೇರಿಯವರೇ ಹಾನಿ ನೋಡಲೂ ಹೋಗುತ್ತಾರೆ. ರಾತ್ರಿ ರಾಡಾರ್ ಪರದೆಯಲ್ಲಿ ಕೆಂಪು ಚುಕ್ಕಿಯಾಗಿ ಕಂಡ ಊರಿನ ಬೀದಿಯಲ್ಲಿ ಹಗಲು ಹೊತ್ತು ನಡೆಯಬೇಕು. ನನಗಂತೂ ಇದು ಈ ಕೆಲಸದ ಅತಿ ಕಷ್ಟದ ಭಾಗ ಅನಿಸುತ್ತದೆ.

ಅವರ ಕೈಯಲ್ಲಿ ಇರುವುದು ಇಎಫ್ (ಎನ್‌ಹ್ಯಾನ್ಸ್‌ಡ್ ಫುಜಿಟಾ, ಅಂದರೆ ಸುಧಾರಿಸಿದ ಫುಜಿಟಾ) ಮಾಪಕ. ಯಂತ್ರವಲ್ಲ, ಹಾನಿ ನೋಡಿ ಗಾಳಿಯ ವೇಗ ಅಂದಾಜು ಮಾಡುವ ಪಟ್ಟಿ. ಜಪಾನಿನಿಂದ ಬಂದು ಷಿಕಾಗೊ ವಿಶ್ವವಿದ್ಯಾಲಯದಲ್ಲಿ ನೆಲೆನಿಂತ ಟೆಡ್ ಫುಜಿಟಾ 1971ರಲ್ಲಿ ಮೊದಲ ಮಾಪಕ ಮಾಡಿದರು. ಅದನ್ನು ಟೆಕ್ಸಾಸ್ ಟೆಕ್ ವಿಶ್ವವಿದ್ಯಾಲಯದ ಎಂಜಿನಿಯರುಗಳು ಮತ್ತು ಹವಾಮಾನದವರು ಸೇರಿ ತಿದ್ದಿದರು. 2007ರ ಫೆಬ್ರುವರಿಯಿಂದ ಅಮೆರಿಕದಲ್ಲಿ ಇದೇ ಬಳಕೆಯಲ್ಲಿದೆ. ಸೊನ್ನೆಯಿಂದ ಐದರವರೆಗೆ ದರ್ಜೆ. ಮನೆ, ಶಾಲೆ, ಮೋಟೆಲ್, ವಿದ್ಯುತ್ ಕಂಬ, ಮರ ಅಂತ ಒಟ್ಟು 28 ಬಗೆಯ ವಸ್ತುಗಳ ಪಟ್ಟಿ ಇದೆ. ಪ್ರತಿಯೊಂದಕ್ಕೂ ಯಾವ ಮಟ್ಟದ ಹಾನಿಗೆ ಎಷ್ಟು ವೇಗದ ಗಾಳಿ ಬೇಕು ಅಂತ ಬರೆದಿಟ್ಟಿದ್ದಾರೆ.

ಒಂದು ಮನೆಯನ್ನೇ ತೆಗೆದುಕೊಳ್ಳಿ. ಅಮೆರಿಕದ ಮಾಮೂಲಿ ಮರದ ಚೌಕಟ್ಟಿನ ಮನೆ. ಛಾವಣಿಯ ಹೊದಿಕೆ ಅಲ್ಲಲ್ಲಿ ಕಿತ್ತಿದ್ದರೆ ಗಂಟೆಗೆ ಸುಮಾರು 127 ಕಿ.ಮೀ. ಛಾವಣಿಯ ದೊಡ್ಡ ಭಾಗ ಹಾರಿಹೋಗಿ ಗೋಡೆ ನಿಂತಿದ್ದರೆ 196. ಒಳಗಿನ ಸಣ್ಣ ಕೋಣೆ ಮಾತ್ರ ಉಳಿದು ಮಿಕ್ಕ ಗೋಡೆಗಳು ಮಲಗಿದ್ದರೆ 245. ಎಲ್ಲ ಗೋಡೆ ಬಿದ್ದಿದ್ದರೆ 274. ಗಟ್ಟಿಯಾಗಿ ಕಟ್ಟಿದ ಮನೆ ಪೂರ್ತಿ ಗುಡಿಸಿಹೋಗಿ ಕಾಂಕ್ರೀಟ್ ಹಾಸು ಮಾತ್ರ ಉಳಿದಿದ್ದರೆ 322.

ಇಲ್ಲಿ ‘ಗಟ್ಟಿಯಾಗಿ ಕಟ್ಟಿದ’ ಅನ್ನೋ ಮಾತೇ ಮುಖ್ಯ. ಖಾಲಿ ಹಾಸು ಕಂಡ ತಕ್ಷಣ ಅತಿ ದೊಡ್ಡ ಅಂಕಿ ಬರೆಯುವಂತಿಲ್ಲ. ಸಮೀಕ್ಷೆಯವರು ಹಾಸಿನ ಅಂಚಿಗೆ ಹೋಗಿ ಕುಕ್ಕರಗಾಲಲ್ಲಿ ಕೂರುತ್ತಾರೆ. ಗೋಡೆಯ ತಳದ ಮರದ ಪಟ್ಟಿಯನ್ನು ಕಾಂಕ್ರೀಟಿಗೆ ಹಿಡಿದಿಡಲು ಬೋಲ್ಟು ಇರಬೇಕು. ಇದೆಯಾ? ಎಷ್ಟು ದೂರಕ್ಕೊಂದು? ಬೋಲ್ಟಿಗೆ ನಟ್ ಹಾಕಿದ್ದರಾ? ನಟ್ ಕೆಳಗೆ ವಾಷರ್? ವಾಷರ್ ಇಲ್ಲದಿದ್ದರೆ ನಟ್ ಇದ್ದಲ್ಲೇ ಇದ್ದು, ಮರದ ಪಟ್ಟಿ ಮಾತ್ರ ಸೀಳಿಕೊಂಡು ಮೇಲೆದ್ದು ಹೋಗುತ್ತದೆ. ಬೋಲ್ಟೇ ಇಲ್ಲದೆ ಬರೀ ಮೊಳೆ ಹೊಡೆದಿದ್ದರೆ ಮನೆ ಇನ್ನೂ ಕಡಿಮೆ ಗಾಳಿಗೇ ಹೊರಡುತ್ತದೆ. ಹಾಗಾಗಿ ಅಕ್ಕಪಕ್ಕದ ಎರಡು ಮನೆ ಒಂದೇ ಥರ ಮಾಯವಾಗಿದ್ದರೂ ಒಂದಕ್ಕೆ 320, ಇನ್ನೊಂದಕ್ಕೆ 270 ಬರೆಯುವುದುಂಟು. ಮೇಸ್ತ್ರಿ ಹತ್ತು ರೂಪಾಯಿ ಉಳಿಸಿದ್ದು ಹವಾಮಾನದ ದಾಖಲೆಯಲ್ಲಿ ಕಾಣುತ್ತದೆ, ಅಲ್ವಾ?

ಕಾರ್ಖಾನೆಯ ವಿಷಯ ಕೇಳಿದ್ದಿರಿ. ಟಿವಿಯಲ್ಲಿ ಅದೇ ಅತಿ ಭೀಕರ ಚಿತ್ರ. ಆದರೆ ಲೋಹದ ಚೌಕಟ್ಟಿನ ದೊಡ್ಡ ಕಟ್ಟಡ ಪೂರ್ತಿ ನಾಶವಾದರೂ ಮಾಪಕದ ಪ್ರಕಾರ ಅದಕ್ಕೆ ಬೇಕಾದ ಗಾಳಿ ಗಂಟೆಗೆ ಸುಮಾರು 250 ಕಿ.ಮೀ. ಅಗಲವಾದ ಛಾವಣಿ, ಉದ್ದನೆಯ ಗೋಡೆ. ಒಂದು ಕಡೆ ಬಿಟ್ಟುಕೊಂಡರೆ ಮಿಕ್ಕಿದ್ದು ತಾನಾಗಿ ಬರುತ್ತದೆ. ನೋಡಲು ಅತಿ ಕೆಟ್ಟದಾಗಿ ಕಾಣುವ ಜಾಗ ಅತಿ ಜೋರು ಗಾಳಿಯ ಜಾಗವೇ ಆಗಬೇಕಿಲ್ಲ.

ಇದರ ಉಲ್ಟಾ ಕತೆಯೂ ಇದೆ. 2013ರ ಮೇ 31ರಂದು ಓಕ್ಲಹೋಮಾದ ಎಲ್ ರೀನೊ ಹತ್ತಿರ 4 ಕಿ.ಮೀ.ಗೂ ಅಗಲದ ಟೊರ್ನೆಡೊ ಬಂತು. ಲಾರಿಯ ಮೇಲೆ ಕೂರಿಸಿದ ರಾಡಾರ್‌ಗಳು ಐದನೇ ದರ್ಜೆಗೂ ಮೀರಿದ ವೇಗವನ್ನು ನೇರವಾಗಿ ಕಂಡವು. ಆದರೂ ಅಧಿಕೃತ ದರ್ಜೆ ಇಎಫ್-3. ಯಾಕೆ? ಅದು ಹೋದದ್ದು ಹೆಚ್ಚಾಗಿ ಬಯಲು, ಹೊಲದ ಮೇಲೆ. ಅಷ್ಟು ಗಾಳಿಗೆ ಸಾಕ್ಷಿ ಹೇಳುವ ಮನೆಗಳೇ ಅಲ್ಲಿರಲಿಲ್ಲ. ಇದು ಮಾಪಕದ ದೊಡ್ಡ ದೋಷ ಅಂತ ಬೈಯುವವರಿದ್ದಾರೆ. ನನಗೂ ಸ್ವಲ್ಪ ಹಾಗೇ ಅನಿಸುತ್ತದೆ. ಆದರೆ ಹೆಚ್ಚಿನ ಟೊರ್ನೆಡೊಗಳ ಹತ್ತಿರ ಅಂಥ ರಾಡಾರ್ ಇರುವುದೇ ಇಲ್ಲ. ಕೆಲವಕ್ಕೆ ಒಂದು ಕೋಲು, ಉಳಿದವಕ್ಕೆ ಇನ್ನೊಂದು ಕೋಲು ಹಿಡಿದರೆ ಹಿಂದಿನ ವರ್ಷಗಳ ಜೊತೆ ಹೋಲಿಸುವುದು ಹೇಗೆ? ಅಂದಹಾಗೆ, ಜಪಾನಿನವರು ತಮ್ಮ ಊರುಗಳಿಗೆ ಹೊಂದುವ ಹಾಗೆ ಬೇರೆ ಪಟ್ಟಿಯನ್ನೇ ಮಾಡಿಕೊಂಡಿದ್ದಾರೆ. ಅದರಲ್ಲಿ ಬೀದಿಬದಿಯ ವೆಂಡಿಂಗ್ ಮೆಷಿನ್ನೂ ಇದೆ, ಸಮಾಧಿ ಕಲ್ಲೂ ಇದೆ.

ಸಮಾಧಿ ಅಂದಾಗ ಫುಜಿಟಾ ನೆನಪಾಗುತ್ತಾರೆ. 1945ರಲ್ಲಿ ಅವರು ಕೊಕುರಾ ನಗರದ ಹತ್ತಿರ ಕಾಲೇಜಿನಲ್ಲಿ ಪಾಠ ಮಾಡುತ್ತಿದ್ದರು. ಎರಡನೇ ಅಣುಬಾಂಬಿನ ಮೊದಲ ಗುರಿ ಕೊಕುರಾ. ಗುರಿ ಕಣ್ಣಿಗೆ ಬೀಳದೆ ವಿಮಾನ ನಾಗಸಾಕಿಗೆ ತಿರುಗಿತು. ಆಮೇಲೆ ನಾಗಸಾಕಿಗೆ ಹೋದ ಫುಜಿಟಾ, ಸ್ಮಶಾನದಲ್ಲಿ ಹೂವಿಡುವ ಬಿದಿರಿನ ಕೊಳವೆಗಳ ಮೇಲಿನ ಸುಟ್ಟ ಗುರುತು ನೋಡಿ ಬಾಂಬು ಎಷ್ಟು ಎತ್ತರದಲ್ಲಿ ಸಿಡಿಯಿತು ಅಂತ ಲೆಕ್ಕ ಹಾಕಿದರು. ಮರಗಳು ನಡುವಿನಿಂದ ಹೊರಕ್ಕೆ, ಚಕ್ರದ ಕಡ್ಡಿಗಳ ಹಾಗೆ ಬಿದ್ದಿದ್ದನ್ನೂ ಕಂಡರು. ಸುಮಾರು ಮೂವತ್ತು ವರ್ಷದ ನಂತರ, 1974ರ ಏಪ್ರಿಲ್‌ನ ಟೊರ್ನೆಡೊ ಸರಣಿಯ ಹಾನಿಯನ್ನು ವಿಮಾನದಿಂದ ನೋಡುವಾಗ ಅದೇ ನಕ್ಷೆ ಮತ್ತೆ ಕಾಡಿನಲ್ಲಿ ಕಾಣಿಸಿತು. ಅದು ಟೊರ್ನೆಡೊ ಅಲ್ಲ, ಮೋಡದಿಂದ ನೇರ ಕೆಳಕ್ಕೆ ಅಪ್ಪಳಿಸಿ ಸುತ್ತ ಹರಡಿದ ಗಾಳಿ.

ಇವತ್ತಿಗೂ ಸಮೀಕ್ಷೆಯ ಮೊದಲ ಪಾಠ ಇದೇ. ಮರಗಳೆಲ್ಲ ಒಂದೇ ದಿಕ್ಕಿಗೆ, ಇಲ್ಲವೇ ಬೀಸಣಿಗೆಯ ಹಾಗೆ ಹೊರಕ್ಕೆ ಬಿದ್ದಿದ್ದರೆ ಅದು ನೇರ ಗಾಳಿ. ಎರಡೂ ಕಡೆಯಿಂದ ನಡುಗೆರೆಯತ್ತ ವಾಲಿ, ಒಂದರ ಮೇಲೊಂದು ಅಡ್ಡಾದಿಡ್ಡಿ ಬಿದ್ದಿದ್ದರೆ ಟೊರ್ನೆಡೊ.

ಚಳಿಗಾಲದಲ್ಲಿ ಈ ಓದು ಕಷ್ಟ. ಎಲೆ ಉದುರಿದ ಮರಕ್ಕೆ ಗಾಳಿ ಹಿಡಿಯುವುದು ಕಡಿಮೆ, ಹಾಗಾಗಿ ಬೀಳುವುದೂ ಕಡಿಮೆ. ಬೇಸಿಗೆಯಲ್ಲಾದರೆ ಹಸಿರಿನ ನಡುವೆ ಟೊರ್ನೆಡೊ ಎಳೆದ ಕಂದು ಗೀರು ಉಪಗ್ರಹದ ಚಿತ್ರದಲ್ಲಿ ಎದ್ದು ಕಾಣುತ್ತದೆ. ಡಿಸೆಂಬರ್‌ನಲ್ಲಿ ಹೆಚ್ಚಿನ ನೆಲವೇ ಕಂದು. ಹಗಲು ಒಂಬತ್ತೂವರೆ ಗಂಟೆ ಮಾತ್ರ. ಸಂಜೆ ಐದಕ್ಕೆ ಮುಂಚೆಯೇ ಸೂರ್ಯ ಮುಳುಗುತ್ತಾನೆ. ರಸ್ತೆ ತುಂಬ ಮರ, ತಂತಿ, ರಕ್ಷಣೆಯವರ ವಾಹನ. ಅವಶೇಷದಡಿ ಜನರನ್ನು ಹುಡುಕುವ ಕೆಲಸ ನಡೆಯುವಾಗ ಸಮೀಕ್ಷೆಯವರು ಪಕ್ಕಕ್ಕೆ ಸರಿದು ನಿಲ್ಲಬೇಕು. ಇತ್ತ ಬುಲ್ಡೋಜರ್ ಬಂದು ಗುಡಿಸಿಬಿಟ್ಟರೆ ಸಾಕ್ಷಿಯೇ ಹೋಯಿತು. ಇದರ ಮೇಲೆ, ಐದೇ ದಿನಕ್ಕೆ, ಡಿಸೆಂಬರ್ 15ರಂದು ಅಯೋವಾ, ಮಿನ್ನೆಸೋಟ ಕಡೆ ಇನ್ನೊಂದು ಸರಣಿ ಬಂತು. ನೂರಕ್ಕೂ ಜಾಸ್ತಿ ಟೊರ್ನೆಡೊ, ಜೊತೆಗೆ ನೂರಾರು ಕಿ.ಮೀ. ಉದ್ದಕ್ಕೆ ನೇರ ಗಾಳಿ. ಮಿನ್ನೆಸೋಟದಲ್ಲಿ ಡಿಸೆಂಬರ್ ತಿಂಗಳಲ್ಲಿ ಟೊರ್ನೆಡೊ ದಾಖಲಾದದ್ದು ಅದೇ ಮೊದಲು. ಟೊರ್ನೆಡೊ ಯಾವುದು, ನೇರ ಗಾಳಿ ಯಾವುದು ಅಂತ ಬಿಡಿಸಿ ಎಣಿಸುವುದು ಒಂದೆರಡು ದಿನದ ಕೆಲಸ ಆಗಿರಲಿಲ್ಲ. ಸುದ್ದಿಯಲ್ಲಿ ಟೊರ್ನೆಡೊ ಸಂಖ್ಯೆ ದಿನದಿನಕ್ಕೆ ಬದಲಾಗುವುದು ಇದಕ್ಕೇ. ಯಾರೋ ಮುಚ್ಚಿಟ್ಟಿದ್ದಾರೆ ಅಂತಲ್ಲ.

ಕೆಂಟಕಿಯ ಸಮೀಕ್ಷೆಯಲ್ಲಿ ನನಗೆ ಅತಿ ಇಷ್ಟವಾದ ಭಾಗ ವೇಗದ್ದಲ್ಲ, ಉದ್ದದ್ದು. ಆ ರಾತ್ರಿ ಒಂದೇ ಗುಡುಗು ಮೋಡ ಅರ್ಕನ್ಸಾದಲ್ಲಿ ಶುರುವಾಗಿ ಮಿಸೌರಿ, ಟೆನೆಸಿ ದಾಟಿ ಕೆಂಟಕಿಯ ತುಂಬ ಓಡಿತು. ಅದು ಎತ್ತಿದ ಚೂರುಪಾರು 30 ಸಾವಿರ ಅಡಿ ಎತ್ತರದಲ್ಲಿ ರಾಡಾರ್‌ಗೆ ಕಂಡಿತು. ಡಾಸನ್ ಸ್ಪ್ರಿಂಗ್ಸ್ ಎಂಬ ಊರಿನ ಒಂದು ಮನೆಯಲ್ಲಿದ್ದ 1942ರ ಕಪ್ಪು-ಬಿಳುಪು ಫೋಟೊ ಸುಮಾರು 200 ಕಿ.ಮೀ. ಹಾರಿ, ಇಂಡಿಯಾನಾದಲ್ಲಿ ನಿಂತಿದ್ದ ಒಂದು ಕಾರಿನ ಗಾಜಿಗೆ ಅಂಟಿಕೊಂಡಿತ್ತು. ಬೆಳಗಾಗುವ ಹೊತ್ತಿಗೆ ಎಲ್ಲರ ಬಾಯಲ್ಲೂ ಒಂದೇ ಮಾತು: ಒಂದೇ ಟೊರ್ನೆಡೊ, ಸುಮಾರು 400 ಕಿ.ಮೀ., ವಿಶ್ವದಾಖಲೆ. 1925ರ ಮಾರ್ಚ್ 18ರಂದು ಮಿಸೌರಿ, ಇಲಿನಾಯ್, ಇಂಡಿಯಾನಾ ದಾಟಿ 695 ಜನರನ್ನು ಕೊಂದ ಟೊರ್ನೆಡೊದ 352 ಕಿ.ಮೀ. ದಾಖಲೆ ಮುರಿಯಿತು ಅಂತಲೇ ಸುದ್ದಿ ಓಡಿತು.

ಸಮೀಕ್ಷೆಯವರು ಗೆರೆ ಹಿಡಿದು ಹೋದರು. ಒಂದೊಂದು ಮುರಿದ ಮರ, ಒಂದೊಂದು ಹಾರಿದ ಶೀಟಿಗೂ ಮೊಬೈಲ್ ಆ್ಯಪ್‌ನಲ್ಲಿ ಜಾಗ, ಫೋಟೊ ಗುರುತು ಹಾಕುವ ಕೆಲಸ ಅದು. ಟೆನೆಸಿಯ ಒಬಿಯನ್ ಕೌಂಟಿಗೆ (ಕೌಂಟಿ ಅಂದರೆ ನಮ್ಮ ಜಿಲ್ಲೆಯ ಥರ) ಬಂದಾಗ ಗೆರೆ ತೆಳ್ಳಗಾಗಿ ನಿಂತೇಹೋಯಿತು. ಮುಂದೆ ಸ್ವಲ್ಪ ದೂರ ಮರ ನೆಟ್ಟಗಿವೆ, ಶೆಡ್ಡುಗಳು ಹಾಗೇ ಇವೆ. ಅದೇ ಕೌಂಟಿಯಲ್ಲಿ, ಕೆಂಟಕಿ ಗಡಿಯ ಹತ್ತಿರ, ಹೊಸ ಗೆರೆ ಶುರು. ಅಂದರೆ ಒಂದಲ್ಲ, ಎರಡು ಟೊರ್ನೆಡೊ. ಮೊದಲನೆಯದು ಸುಮಾರು 130 ಕಿ.ಮೀ., ಮೇಫೀಲ್ಡ್‌ಗೆ ಹೋದದ್ದು 266 ಕಿ.ಮೀ. ಎರಡೂ ಇಎಫ್-4. ನೀವು ಕೇಳಿದ 306 ಕಿ.ಮೀ. ಈ ಎರಡನೆಯದರ ದಾರಿಯಲ್ಲಿ ಅತಿ ಕೆಟ್ಟದಾಗಿ ಹಾಳಾದ ಕಡೆಗಳಿಗೆ ಬರೆದ ಅಂಕಿ. ಉದ್ದಕ್ಕೂ ಅಷ್ಟೇ ಗಾಳಿ ಇತ್ತು ಅಂತ ಅರ್ಥವಲ್ಲ. ಐದನೇ ದರ್ಜೆಗೆ 322ಕ್ಕಿಂತ ಜಾಸ್ತಿ ಬೇಕು.

ಹಾಗಾಗಿ 1925ರ ದಾಖಲೆ ಉಳಿಯಿತು. ತಮಾಷೆ ಏನಂದರೆ, ಆ 352 ಕಿ.ಮೀ. ಉದ್ದಕ್ಕೂ ಅವತ್ತು ಹೀಗೆ ಮರ ಮರ ನೋಡಿಕೊಂಡು ಹೋದವರು ಯಾರೂ ಇಲ್ಲ. ಬಹಳ ವರ್ಷಗಳ ನಂತರ ಸಂಶೋಧಕರು ಹಳೆಯ ವರದಿಗಳನ್ನು ಕೆದಕಿ, ಬದುಕುಳಿದವರನ್ನು ಮಾತನಾಡಿಸಿ ನೋಡಿದರು. ನಡುವಿನ ದೊಡ್ಡ ಭಾಗ ಒಂದೇ ಟೊರ್ನೆಡೊ ಅನ್ನಬಹುದು, ಎರಡು ತುದಿಗಳ ಬಗ್ಗೆ ಅಷ್ಟು ಖಾತ್ರಿಯಾಗಿ ಹೇಳಲಾಗದು ಅಂತ ಅವರ ಮಾತು.