ಎಕ್ಸ್‌ಪೆರಿಮೆಂಟಲ್ ಮೆಟಲ್ ಬರೇ ಗದ್ಲ ಅನ್ನಸ್ತೈತಿ, ಎಲ್ಲಿಂದ ಕೇಳಾಕ ಶುರು ಮಾಡ್ಲಿ?

ಪ್ರಶ್ನಿ: ಐರನ್ ಮೇಡನ್, ಮೆಟಾಲಿಕಾ ಎಲ್ಲಾ ಕೇಳೀನ್ರಿ, ಛಲೋ ಅನ್ನಸ್ತಾವು. ಆದ್ರ ಅವಾಂಟ್‌ಗಾರ್ಡ್, ಎಕ್ಸ್‌ಪೆರಿಮೆಂಟಲ್ ಅಂತಾರಲ್ಲ, ರೂಢಿ ಮುರದು ಬಾರಸೂ ಆ ಬ್ಯಾಂಡ್ ಹಚ್ಚಿದ್ರ ಎರಡ ನಿಮಿಷಕ್ಕ ತಲಿ ಚಿಟ್ ಹಿಡೀತೈತಿ. ಯಾವ್ದರಿಂದ ಶುರು ಮಾಡ್ಲಿ? (ಸಪ್ತಾಪುರ, ಧಾರವಾಡ)

ಉತ್ತರ: ಇದನ್ನ ಭಾಳ ಮಂದಿ ಕೇಳ್ತಾರ, ಎಲ್ಲಾರಿಗೂ ನಾ ಹೇಳೂದು ಒಂದ. ಹಾಡು ಹಚ್ಚಿದ ಕೂಡ್ಲೇ ಟ್ಯೂನ್ ಹುಡುಕಬ್ಯಾಡ್ರಿ, ಅದರಾಗ ಅಲುಗಾಡದ ನಿಂತಿದ್ದು ಯಾವ್ದೈತಿ ಅಂತ ಹುಡುಕ್ರಿ. ಛಲೋ ಬ್ಯಾಂಡ್‌ನವ್ರು ಎಲ್ಲಾನೂ ಒಮ್ಮಿಗೇ ಮುರಿಯೂದಿಲ್ಲ, ಏನರ ಒಂದನ್ನ ಗಟ್ಟಿ ಹಿಡ್ಕೊಂಡ ಉಳಿದಿದ್ದನ್ನ ಮುರೀತಾರ, ಆ ಒಂದು ಸಿಕ್ತು ಅಂದ್ರ ಗದ್ಲ ಅನ್ನೂದು ಅರ್ಧಾ ಕಡಿಮಿ ಆಗತೈತಿ.

ಸ್ವೀಡನ್ನಿನ ಮೆಶುಗಾ ತಗೊಳ್ರಿ. 1998ರ ಕೇಯಾಸ್ಫಿಯರ್ ಆಲ್ಬಮ್ಮಿನಾಗ ನ್ಯೂ ಮಿಲೆನಿಯಂ ಸಯನೈಡ್ ಕ್ರೈಸ್ಟ್ ಅಂತ ಒಂದ್ ಹಾಡೈತಿ. ಗಿಟಾರ್ ಎಲ್ಲಿ ಶುರು ಆತು ಎಲ್ಲಿ ಮುಗೀತು ಒಂದೂ ತಿಳಿಯೂದಿಲ್ಲ. ಗಿಟಾರ್ ಬಿಟ್ಟಬಿಡ್ರಿ, ಡ್ರಮ್ಮರ್ ಕೈ ಅಷ್ಟ ಕೇಳ್ರಿ, ಸಿಂಬಲ್ ಮ್ಯಾಲ ಸಾದಾ ಒಂದು ಎರಡು ಮೂರು ನಾಕು ಅಂತ ಬಡೀತಿರ್ತಾನ, ನೀವೂ ಹಂಗ ತೊಡಿ ಮ್ಯಾಲ ಬಡ್ಕೊಂತ ಹೋಗ್ರಿ. ಒಂದ್ ಬೀಟ್ ಅನ್ನ ನಾಕು ತುಣುಕು ಮಾಡಿದ್ರ ನಾಕು ಬೀಟಿನ ಒಂದ್ ಸುತ್ತಿಗೆ 16, ಎಂಟು ಸುತ್ತಿಗೆ 128. ಗಿಟಾರ್ ರಿಫ್, ಅಂದ್ರ ಮತ್ತ ಮತ್ತ ಬಾರಸೂ ಸಣ್ಣ ಸಾಲು, ಮಾತ್ರ 23 ತುಣುಕಿಂದು, ಐದ್ ಸಲ ತಿರುಗಿದ್ರ 115 ಆಗತೈತಿ, ಉಳಿದ 13ಕ್ಕ ರಿಫ್ಫನ್ನ ನಡಬರಕ ಕಡದು ಎಂಟನೇ ಸುತ್ತಿನ ಜೋಡಿನ ಮುಗಸ್ತಾರ, ಮತ್ತ ಮೊದಲಿಂದ ಶುರು. ತಬಲಾ ಕಲ್ತವ್ರಿಗೆ ಈ ಲೆಕ್ಕ ಹೊಸಾದೇನಲ್ಲ. ಗಾಯಕ ತಾಳಕ್ಕ ಅಡ್ಡಡ್ಡ ಹೋಗಿ ಸಮ್‌ಗೆ, ಅಂದ್ರ ತಾಳದ ಮೊದಲನೇ ಪೆಟ್ಟಿಗೆ, ಕರೆಕ್ಟ್ ಬಂದು ಬಿದ್ದಾಗ ನಮ್ಮ ಧಾರವಾಡದಾಗ ಹಿರ್ಯಾರು ಆಹಾ ಅಂತ ತಲಿ ತೂಗ್ತಾರಲ್ಲ, ಮೆಶುಗಾ ಕೇಳೋರು ತಲಿ ತೂಗೂದೂ ಅಂಥಾ ಜಾಗಾದಾಗನ. ಈ ಹಾಡು ಒಂದ್ ವಾರ ಬಿಡದ ಕೇಳ್ರಿ, ಉಳಿದಿದ್ದನ್ನ ಅವಸರ ಮಾಡಬ್ಯಾಡ್ರಿ.

ಒಂದ್ ಮಾತು, ಮೊಬೈಲ್ ಸ್ಪೀಕರ್‌ನಾಗ ಕೇಳಬ್ಯಾಡ್ರಿ. ಮೆಶುಗಾದವ್ರು ಈಗ ಬಾರಸೂದು ಎಂಟು ತಂತಿ ಗಿಟಾರ್, ಅದರ ದಪ್ಪ ತಂತಿ ಸುಮಾರು 44 ಹರ್ಟ್ಸ್‌ಗೆ ಇಳೀತೈತಿ, ಅಷ್ಟ ಸಣ್ಣ ಸ್ಪೀಕರ್‌ನಿಂದ ಆ ದನಿ ಹೊರಗ ಬರೂದ ಇಲ್ಲ. ಸಾದಾ ವಯರ್ ಇಯರ್‌ಫೋನ್ ಆದ್ರೂ ನಡೀತೈತಿ.

ಆಮ್ಯಾಲ ಇದರ ಪೂರಾ ಉಲ್ಟಾ ಇರೋದು ಕೇಳ್ರಿ. ಅಮೆರಿಕದ ಸನ್ ಅಂತ ಬ್ಯಾಂಡ್ ಐತಿ, Sunn O))) ಅಂತ ಹೆಸರಿನ ಕಡೀಕ ಒಂದ್ ಓ ಮತ್ತ ಮೂರು ಕಂಸ ಬರೀತಾರ, ಅದನ್ನ ಓದೂದಿಲ್ಲ, ಹುಡುಕೂ ಮುಂದ ಬೇಕಾಗತೈತಿ ಅಂತ ಹೇಳಿದೆ. ಅಲ್ಲಿ ಡ್ರಮ್ಮ ಇಲ್ಲ ಅಂದ್ರೂ ನಡೀತೈತಿ, ಗಿಟಾರಿನ ಒಂದ್ ಸ್ವರ ಹೊಡದು ಅದು ಸಾಯೂತನಕ ಬಿಡ್ತಾರ. ನಿಂತಿರೂದು ಆ ಸ್ವರಾನ, ಅದರೊಳಗ ದನಿ ಹೆಂಗ ಬದಲಾಗತೈತಿ ಅನ್ನೂದ ಅಲ್ಲಿ ಕೇಳೂದು. 2009ರ ಮಾನೊಲಿತ್ಸ್ ಅಂಡ್ ಡೈಮೆನ್ಶನ್ಸ್ ಆಲ್ಬಮ್ಮಿನ ಕಡೀ ಹಾಡು ಆಲಿಸ್, ಹದಿನಾರು ನಿಮಿಷದ್ದು, ಜಾಝ್ ಕಲಾವಿದೆ ಆಲಿಸ್ ಕೋಲ್ಟ್ರೇನ್ ನೆನಪಿಗೆ ಮಾಡಿದ್ದು. ಆ ಭಾರ ಗಿಟಾರ್ ಕರಗಿ ಕರಗಿ ಕಡೀಕ ಹಾರ್ಪ್ ಮತ್ತ ಟ್ರಾಂಬೋನ್ ಉಳೀತಾವು, ನನಗ ಈ ಇಡೀ ಪ್ರಕಾರದಾಗ ಇಷ್ಟ ಚಂದಾದ್ದು ಇನ್ನೊಂದಿಲ್ಲ. ಗದಗ, ಹುಬ್ಬಳ್ಳಿ ಕಡೆ ವಿಲಂಬಿತ್ ಖ್ಯಾಲ್ ಕೇಳ್ಕೊಂತ ಬೆಳದವ್ರಿಗೆ ಈ ನಿಧಾನ ಬ್ಯಾಸರ ಬರೂದಿಲ್ಲ ಅಂತ ನನ್ನ ನಂಬಿಕಿ.

ಇದೆಲ್ಲಾ ಎಲ್ಲಿಂದ ಬಂತು ಅಂದ್ರ 1987ರಾಗ ಸ್ವಿಟ್ಜರ್‌ಲ್ಯಾಂಡಿನ ಸೆಲ್ಟಿಕ್ ಫ್ರಾಸ್ಟ್ ಇಂಟು ದ ಪ್ಯಾಂಡೆಮೋನಿಯಂ ಅಂತ ಆಲ್ಬಮ್ ತಂದ್ರು, ಮೊದಲನೇ ಹಾಡ ನ್ಯೂ ವೇವ್ ಅನ್ನೂ ಪಾಪ್ ಥರದ ರಾಕ್ ಬಾರಸೂ ಇನ್ನೊಂದ್ ಬ್ಯಾಂಡಿಂದು, ಒಳಗ ಹೆಣ್ಣುದನಿ, ಡ್ರಮ್ ಮಶೀನ್ ಎಲ್ಲಾ ಐತಿ, ಆಗಿನ ಮೆಟಲ್ ಮಂದಿಗೆ ಅದು ದೊಡ್ಡ ಧಕ್ಕಾ. ನಾರ್ವೆಯ ಉಲ್ವರ್ ಅಂತೂ 1995ರಾಗ ಕಿರಚೂ ದನಿ, ಜೋರ್ ಓಡೂ ಗಿಟಾರಿನ ಬ್ಲ್ಯಾಕ್ ಮೆಟಲ್, 1996ರಾಗ ಬರೇ ಅಕೌಸ್ಟಿಕ್, 1997ರಾಗ ಮತ್ತ ಒರಟು ಬ್ಲ್ಯಾಕ್ ಮೆಟಲ್, 2000ಕ್ಕ ಪೂರಾ ಇಲೆಕ್ಟ್ರಾನಿಕ್! ಅಲ್ಲಿ ಹಿಡ್ಕೊಳ್ಳಾಕ ಇರೂದು ಒಬ್ಬಾಂವನ ದನಿ, ಹಾಡುಗಾರ ಕ್ರಿಸ್ಟೊಫರ್ ರಿಗ್. ಅಮೆರಿಕದ ಮಿಸ್ಟರ್ ಬಂಗಲ್ ಬ್ಯಾಂಡ್ ಕೇಳೂದಾದ್ರ 1999ರ ಕ್ಯಾಲಿಫೋರ್ನಿಯಾ ಅನ್ನೂ ಆಲ್ಬಮ್‌ನಿಂದ ಶುರು ಮಾಡ್ರಿ, ಅದರಾಗ ಟ್ಯೂನ್ ಅದಾವು, ಹಿಂದಿನ ಎರಡು ಆಲ್ಬಮ್ ಆಮ್ಯಾಲ.

ಕೆನಡಾದ ಗೊರ್ಗಟ್ಸ್‌ನ ಒಬ್ಸ್ಕ್ಯೂರಾ, 1998ರದ್ದು, ಅದನ್ನ ಮಾತ್ರ ಕಡೀಗೆ ಇಟ್ಕೊಳ್ರಿ. ಎಲ್ಲಾರೂ ಮೊದ್ಲ ಅದನ್ನ ಕೇಳು ಅಂತಾರ, ನನಗ ಅದು ಸರಿ ಅನ್ನಸೂದಿಲ್ಲ, ಗಿಟಾರ್ ಕಿರಚತೈತಿ, ಲಯ ಜಾರತೈತಿ, ಹಿಡ್ಕೊಳ್ಳಾಕ ಸಿಗೂದು ಅಂದ್ರ ಆ ವಿಚಿತ್ರ ರಿಫ್ ಮತ್ತ ಮತ್ತ ಬರತೈತಿ ಅನ್ನೂದು ಅಷ್ಟ. ಅದಕ್ಕಿಂತ ಮೊದ್ಲ ಅವರದ 2013ರ ಕಲರ್ಡ್ ಸ್ಯಾಂಡ್ಸ್ ಕೇಳ್ರಿ, ಟಿಬೆಟ್ ಬಗ್ಗೆ ಐತಿ, ಒಂಬತ್ತು ಹಾಡಿನಾಗ ನಟ್ಟನಡುವಿನ ಐದನೇದು ಬರೇ ಪಿಟೀಲು, ಚೆಲ್ಲೊದಂಥಾ ಕಮಾನಿನ ವಾದ್ಯದ್ದು, ಗಿಟಾರ್ ಇಲ್ಲ, ಡ್ರಮ್ ಇಲ್ಲ. ಆ ಐದನೇದನ್ನ ಮೊದ್ಲ ಹಚ್ರಿ, ಆಮ್ಯಾಲ ಒಂದನೇದಕ್ಕ ಬರ್ರಿ.