ಮೊಬೈಲ್‌ನಲ್ಲಿ ಸರಿಯಾಗಿ ಕಾಣುವ ₹ ಪ್ರೆಸ್‌ನಲ್ಲಿ ಚೌಕ ಆಗುವುದು ಯಾಕೆ?

ಪ್ರಶ್ನೆ: ಬ್ಯಾಡಗಿಯಲ್ಲಿ ನಮ್ಮದು ಮೆಣಸಿನಕಾಯಿ ವ್ಯಾಪಾರ. ದರಪಟ್ಟಿ ಟೈಪ್ ಮಾಡಿ ಗದಗಿನ ಪ್ರೆಸ್ಸಿಗೆ ಕಳಿಸುತ್ತೇವೆ. ಅಲ್ಲಿ ₹ ಇದ್ದ ಕಡೆಯೆಲ್ಲ ಖಾಲಿ ಚೌಕ, ಒಮ್ಮೊಮ್ಮೆ ಪ್ರಶ್ನಾರ್ಥಕ ಚಿಹ್ನೆ ಬರುತ್ತದೆ. ಫೈಲ್ ಹಾಳಾಗಿದೆಯಾ?

ಚೌಕ ಬಂದಿದ್ದರೆ ಏನೂ ಹಾಳಾಗಿಲ್ಲ. ಪ್ರಶ್ನಾರ್ಥಕ ಬಂದಿದ್ದರೆ ಆ ಪ್ರತಿಯಿಂದ ₹ ಹೋಗಿಯೇ ಬಿಟ್ಟಿದೆ.

ಕಂಪ್ಯೂಟರ್ ₹ ಚಿಹ್ನೆಯ ಚಿತ್ರವನ್ನು ಉಳಿಸಿಕೊಳ್ಳುವುದಿಲ್ಲ. 8377 ಎಂಬ ಸಂಖ್ಯೆಯನ್ನು ಉಳಿಸಿಕೊಳ್ಳುತ್ತದೆ. ಯಾವ ಅಕ್ಷರಕ್ಕೆ ಯಾವ ಸಂಖ್ಯೆ ಅಂತ ಹೇಳುವ ಪಟ್ಟಿಯೇ ಯೂನಿಕೋಡ್. ಅದರಲ್ಲಿ ಕನ್ನಡಕ್ಕೆ 3200ರಿಂದ 3327ರವರೆಗೆ ಜಾಗ ಇದೆ; ‘ಕ’ ಅಕ್ಷರದ ಸಂಖ್ಯೆ 3221. ಡಿ. ಉದಯ ಕುಮಾರ್ ವಿನ್ಯಾಸ ಮಾಡಿದ ₹ ಚಿಹ್ನೆಯನ್ನು ಕೇಂದ್ರ ಸರ್ಕಾರ ಒಪ್ಪಿದ್ದು 2010ರ ಜುಲೈ 15ರಂದು. ಅದೇ ಅಕ್ಟೋಬರ್‌ನಲ್ಲಿ ಯೂನಿಕೋಡ್ ಅದಕ್ಕೆ ಜಾಗ ಕೊಟ್ಟಿತು. ಇಷ್ಟು ಬೇಗ ಆಗಿದ್ದು ನಿಜಕ್ಕೂ ದೊಡ್ಡ ವಿಷಯ.

ಸಂಖ್ಯೆಗೆ ಆಕಾರ ಕೊಡುವುದು ಫಾಂಟ್‌ನ ಕೆಲಸ. 2010ಕ್ಕಿಂತ ಮುಂಚಿನ ಫಾಂಟ್‌ಗೆ 8377 ಅಂದರೆ ಏನೆಂದು ಗೊತ್ತಿರುವುದಿಲ್ಲ, ಅದಕ್ಕೇ ಚೌಕ. ಮೊಬೈಲ್ ಇಂಥ ಹೊತ್ತಿನಲ್ಲಿ ಸುಮ್ನೆ ಬೇರೊಂದು ಫಾಂಟ್‌ನಿಂದ ಆಕಾರ ತಂದು ತೋರಿಸಿಬಿಡುತ್ತದೆ. ಪ್ರೆಸ್‌ನ ಹಳೆಯ ಸಾಫ್ಟ್‌ವೇರ್ ಹಾಗೆ ಮಾಡಬೇಕೆಂದಿಲ್ಲ. ಚೌಕವನ್ನು ಮಾತ್ರ ಸೆಲೆಕ್ಟ್ ಮಾಡಿ ನಿರ್ಮಲಾ ಯುಐ ಫಾಂಟ್ ಕೊಡಲು ಹೇಳಿ, ₹ ಬರುತ್ತದೆ.

ಪ್ರಶ್ನಾರ್ಥಕದ ಕಥೆ ಬೇರೆ. ಪ್ರೆಸ್‌ನಲ್ಲಿ ಪುಟ ಜೋಡಿಸುವ ಹಳೆಯ ಸಾಫ್ಟ್‌ವೇರ್ ಪೇಜ್‌ಮೇಕರ್‌ನ ಕೊನೆಯ ಆವೃತ್ತಿ ಬಂದದ್ದು 2001ರಲ್ಲಿ, ಅದಕ್ಕೆ ಯೂನಿಕೋಡ್ ಬರುವುದಿಲ್ಲ. ಅದರ ಪಟ್ಟಿ 256ಕ್ಕೇ ಮುಗಿಯುತ್ತದೆ. 8377 ಅಲ್ಲಿ ಹಿಡಿಸದೆ ಅದರ ಜಾಗಕ್ಕೆ 63, ಅಂದರೆ ಪ್ರಶ್ನಾರ್ಥಕ, ಬಂದು ಕೂರುತ್ತದೆ. ಆಮೇಲೆ ಯಾವ ಫಾಂಟ್ ಹಾಕಿದರೂ ₹ ವಾಪಸ್ ಬರುವುದಿಲ್ಲ. ಮೂಲ ಫೈಲ್ ಅಳಿಸಬೇಡಿ ಅನ್ನುವುದು ಇದಕ್ಕೇ.

ಮೂರನೆಯದೂ ಒಂದಿದೆ: ಒಂದು ₹ ಜಾಗದಲ್ಲಿ ಮೂರು ವಿಚಿತ್ರ ಗುರುತು. ಯೂನಿಕೋಡ್ ಸಂಖ್ಯೆಯನ್ನು ಫೈಲ್‌ನಲ್ಲಿ ಬರೆಯುವ ಒಂದು ವಿಧಾನ ಯುಟಿಎಫ್-8. ಅದರಲ್ಲಿ 8377 ಅನ್ನು 226, 130, 185 ಎಂಬ ಮೂರು ಬೈಟ್ (255 ಮೀರದ ಸಣ್ಣ ಸಂಖ್ಯೆ) ಮಾಡಿ ಬರೆಯುತ್ತಾರೆ. ಹಳೆಯ ವಿಂಡೋಸ್ ಪಟ್ಟಿ ಇಟ್ಟುಕೊಂಡು ಓದುವ ಪ್ರೋಗ್ರಾಂ ಒಂದೊಂದನ್ನೂ ಬೇರೆ ಅಕ್ಷರ ಅಂದುಕೊಳ್ಳುತ್ತದೆ. ಆಗ ಟೋಪಿ ಹಾಕಿದ ಇಂಗ್ಲಿಷ್ ‘ಎ’, ಅಲ್ಪವಿರಾಮದಂಥ ಗುರುತು, ಮೇಲೆ ಸಣ್ಣ 1 ಸಾಲಾಗಿ ಕಾಣುತ್ತವೆ. ಇಲ್ಲೂ ಬೈಟ್‌ಗಳು ಕ್ಷೇಮ. ಎಕ್ಸೆಲ್‌ನಿಂದ ದರಪಟ್ಟಿ ಕೊಡುವಾಗ ‘ಸಿಎಸ್‌ವಿ ಯುಟಿಎಫ್-8’ ಎಂದೇ ಸೇವ್ ಮಾಡಿ, ಓದುವಾಗಲೂ ಯುಟಿಎಫ್-8 ಆರಿಸಿ.

ನಮ್ಮ ಕಡೆ ಡಿಟಿಪಿಯಲ್ಲಿ ಹಳೆಯ ನುಡಿ ಫಾಂಟ್ ಇನ್ನೂ ಜಾಸ್ತಿ, ಅಲ್ವಾ? ಅದರಲ್ಲಿ ಒಳಗಿರುವುದು ಇಂಗ್ಲಿಷ್ ಅಕ್ಷರ ಮತ್ತು ಚಿಹ್ನೆಗಳ ಸಂಖ್ಯೆ, ಮೇಲೆ ಕಾಣುವುದು ಕನ್ನಡ ಆಕಾರ. ಆ ಫಾಂಟ್ ಇಲ್ಲದ ಕಂಪ್ಯೂಟರ್‌ನಲ್ಲಿ ಇಡೀ ಪಟ್ಟಿ ಕಲಸುಮೇಲೋಗರ. 2010ರಲ್ಲಿ ಮಂಗಳೂರಿನ ಫೊರೇಡಿಯನ್ ಕಂಪನಿಯ ಫಾಂಟ್ ಕೂಡ ₹ ಆಕಾರವನ್ನು 1ರ ಎಡಗಡೆಯ ಕೀಯಲ್ಲಿರುವ ಓರೆ ಗುರುತಿಗೆ ಕೊಟ್ಟಿತ್ತು. ಆಗ ಬೇರೆ ದಾರಿ ಇರಲಿಲ್ಲ. ಈಗ ಅದು ಬೇಡ: ವಿಂಡೋಸ್‌ನಲ್ಲಿ ‘ಇಂಗ್ಲಿಷ್ ಇಂಡಿಯಾ’ ಕೀಬೋರ್ಡ್ ಆರಿಸಿ, ಬಲಗಡೆಯ ಆಲ್ಟ್ ಜೊತೆ 4 ಒತ್ತಿ. ಪ್ರೆಸ್ಸಿಗೆ ಕಳಿಸುವಾಗ ಫಾಂಟ್ ಒಳಗೇ ಸೇರಿಸಿದ ಪಿಡಿಎಫ್ ಕಳಿಸಿ, ಜೊತೆಗೆ ಯೂನಿಕೋಡ್ ಮೂಲವನ್ನೂ ಕೊಡಿ.