‘ಪ್ರಿಲ್ಯೂಡ್’: 1805ರದ್ದೋ, 1850ರದ್ದೋ?

ಪ್ರಶ್ನೆ: ವರ್ಡ್ಸ್‌ವರ್ತ್ ವಯಸ್ಸಾದ ಮೇಲೆ ಸಂಪ್ರದಾಯವಾದಿಯಾಗಿ, ಫ್ರಾನ್ಸಿನ ಕ್ರಾಂತಿಯನ್ನು ಹೊಗಳಿದ್ದನ್ನೆಲ್ಲ ‘ಪ್ರಿಲ್ಯೂಡ್’ನಿಂದ ಅಳಿಸಿಹಾಕಿದನಂತೆ. ನಿಜವೇ? ಯಾವ ಪಾಠ ಓದಬೇಕು?

‘ಪ್ರಿಲ್ಯೂಡ್’ ಇಂಗ್ಲಿಷ್ ಕವಿ ವರ್ಡ್ಸ್‌ವರ್ತ್ ತನ್ನ ಬದುಕಿನ ಬಗ್ಗೆಯೇ ಬರೆದ ದೀರ್ಘಕಾವ್ಯ. 1805ರಲ್ಲಿ ಬರೆದು ಮುಗಿಸಿದ್ದು ಅದರ ಒಂದು ಪಾಠ, ಅಂದರೆ ಒಂದು ರೂಪ; ಆಮೇಲೆ ತಿದ್ದುತ್ತ ಹೋಗಿ, ಅವನು ತೀರಿಕೊಂಡ ಮೇಲೆ 1850ರಲ್ಲಿ ಅಚ್ಚಾದದ್ದು ಇನ್ನೊಂದು. ಮೊದಲು 1805ರ ಪಾಠವನ್ನೇ ಓದಿ, 1850ರದ್ದನ್ನು ಪಕ್ಕದಲ್ಲಿಟ್ಟುಕೊಳ್ಳಿ. ಆದರೆ ‘ಎಲ್ಲ ಅಳಿಸಿದ’ ಎನ್ನುವುದು ಸರಿಯಲ್ಲ. ಎರಡನ್ನೂ ಸಾಲಿಗೆ ಸಾಲು ಹೋಲಿಸಿದವರಿಗೆ ಇದು ಬೇಗ ಗೊತ್ತಾಗುತ್ತದೆ.

ಒಂಬತ್ತನೇ ಭಾಗ ತೆರೆಯಿರಿ. 1792ರಲ್ಲಿ ಫ್ರಾನ್ಸಿನ ಬ್ಲ್ವಾ ಊರಿನ ದಾರಿಯಲ್ಲಿ, ಹಸಿವಿನಿಂದ ಬತ್ತಿದ ಹುಡುಗಿಯೊಬ್ಬಳು ಹಸುವಿನ ಹಗ್ಗ ತೋಳಿಗೆ ಕಟ್ಟಿಕೊಂಡು, ಕೈಯಲ್ಲಿ ಏನೋ ಹೆಣೆಯುತ್ತ ನಡೆಯುತ್ತಿದ್ದಾಳೆ. ಕವಿಯ ಸ್ನೇಹಿತ, ಸೈನ್ಯಾಧಿಕಾರಿ ಬೋಪ್ವಿ, ‘ನಾವು ಹೋರಾಡುತ್ತಿರುವುದು ಇದರ ವಿರುದ್ಧವೇ’ ಎನ್ನುತ್ತಾನೆ. ಜನರೇ ತಮ್ಮ ಕಾನೂನುಗಳನ್ನು ಮಾಡಿಕೊಳ್ಳುವ ದಿನದ ನಿರೀಕ್ಷೆಯೂ ಅಲ್ಲೇ ಬರುತ್ತದೆ. ಇದೆಲ್ಲ 1850ರಲ್ಲೂ ಇದೆ. 1793ರಲ್ಲಿ ಇಂಗ್ಲೆಂಡ್ ಫ್ರಾನ್ಸಿನ ಮೇಲೆ ಯುದ್ಧಕ್ಕಿಳಿದಾಗ, ಚರ್ಚಿನಲ್ಲಿ ಎಲ್ಲರೂ ಸ್ವದೇಶದ ಗೆಲುವಿಗೆ ಪ್ರಾರ್ಥಿಸುತ್ತಿದ್ದರೆ ತಾನೊಬ್ಬನೇ ಕರೆಯದೆ ಬಂದ ಅತಿಥಿಯಂತೆ ಮೌನವಾಗಿ ಕೂತು, ಸೇಡಿನ ದಿನಕ್ಕಾಗಿ ಕಾದೆ ಎಂಬ ಮಾತನ್ನೂ ಅವನು ಕೊನೆತನಕ ತೆಗೆಯಲಿಲ್ಲ. ಸರ್ಕಾರದ ಹುದ್ದೆ ಹಿಡಿದು, 1843ರಲ್ಲಿ ಆಸ್ಥಾನಕವಿಯಾದವನು ಇದನ್ನು ಉಳಿಸಿದ ಎಂಬುದೇ ನನಗೆ ದೊಡ್ಡದಾಗಿ ಕಾಣುತ್ತದೆ.

ಹಾಗಾದರೆ ಬದಲಾದದ್ದೇನು? ರಾಜಕೀಯ ಸ್ಪಷ್ಟವಾಗಿ ಕಾಣುವುದು ಕೂಡಿಸಿದ ಸಾಲುಗಳಲ್ಲಿ. ಕ್ರಾಂತಿಯ ಕಡು ವಿರೋಧಿಯಾಗಿದ್ದ ಎಡ್ಮಂಡ್ ಬರ್ಕ್‌ನ ಗುಣಗಾನ ಏಳನೇ ಭಾಗಕ್ಕೆ ಸೇರಿದ್ದು 1832ರ ಸುಮಾರಿಗೆ, ಇಂಗ್ಲೆಂಡಿನಲ್ಲಿ ಮತದಾನ ಸುಧಾರಣೆಯ ಗದ್ದಲದ ಕಾಲದಲ್ಲಿ. 1805ರಲ್ಲಿ ಅದಿಲ್ಲ. ಇನ್ನು ದೊಡ್ಡ ಕತ್ತರಿ ಬಿದ್ದದ್ದು ಒಂಬತ್ತನೇ ಭಾಗದ ವೋದ್ರಕೂರ್–ಜೂಲಿಯಾ ಪ್ರೇಮಕಥೆಗೆ. ಸುಮಾರು 380 ಸಾಲಿನ ಆ ಕಥೆಯನ್ನು 1820ರಲ್ಲಿ ಬೇರೆಯಾಗಿ ಅಚ್ಚು ಹಾಕಿಸಿ, ಇಲ್ಲಿ ಕೆಲವೇ ಸಾಲು ಬಿಟ್ಟ. ಫ್ರಾನ್ಸಿನಲ್ಲಿ ಆನೆಟ್ ವಲೋನ್‌ಳಿಂದ ಅವನಿಗೆ ಮಗಳು ಹುಟ್ಟಿದ್ದಳು. ಆ ಕಥೆಯಲ್ಲಿ ಅದರ ನೆರಳಿದೆ ಎಂದು ಓದುವವರು ಬಹಳ. ಹಾಗಾಗಿ ಕತ್ತರಿಸಿದ್ದೆಲ್ಲ ರಾಜಕೀಯ ಎಂದು ಬರೆಯುವ ಮೊದಲು ಯೋಚಿಸಿ. ಭಾಷೆ ನಯಗೊಳಿಸಲು, ಕ್ರೈಸ್ತ ಶ್ರದ್ಧೆಗೆ ಹತ್ತಿರ ತರಲು ಮಾಡಿದ ತಿದ್ದುಪಡಿಗಳೂ ಹೇರಳ.

ವಿದ್ಯಾರ್ಥಿಗಳು ಎಡವುವ ಇನ್ನೊಂದು ಜಾಗ, 1805ರ ಪಾಠವನ್ನು 1792ರ ದಿನಚರಿ ಎಂದುಕೊಳ್ಳುವುದು. ಅದು ಹನ್ನೆರಡು ವರ್ಷ ಕಳೆದ ಮೇಲಿನ ಬರಹ. 1804ರ ಡಿಸೆಂಬರಿನಲ್ಲಿ ನೆಪೋಲಿಯನ್ ಪೋಪನನ್ನು ಕರೆಸಿ ಪಟ್ಟಾಭಿಷೇಕ ಮಾಡಿಕೊಂಡದ್ದನ್ನು, ಕಕ್ಕಿದ್ದನ್ನೇ ತಿನ್ನಲು ಮರಳುವ ನಾಯಿಗೆ ಕವಿ ಅಲ್ಲೇ ಹೋಲಿಸಿದ್ದಾನೆ. ಭ್ರಮನಿರಸನ ಆಗಲೇ ಆಗಿತ್ತು.

ಉದ್ಧರಿಸುವಾಗ ಪಾಠದ ವರ್ಷ ಬರೆಯಲೇಬೇಕು. 1805ರದ್ದು 13 ಭಾಗ, 1850ರದ್ದು 14; ಹತ್ತನೆಯದನ್ನು ಎರಡಾಗಿ ಒಡೆದದ್ದರಿಂದ ಈ ವ್ಯತ್ಯಾಸ. ಆ ಮುಂಜಾವಿನಲ್ಲಿ ಬದುಕಿರುವುದೇ ಆನಂದ ಎನ್ನುವ ಪ್ರಸಿದ್ಧ ಸಾಲು ಮೊದಲನೆಯದರಲ್ಲಿ ಹತ್ತನೇ ಭಾಗದಲ್ಲಿದ್ದರೆ, ಎರಡನೆಯದರಲ್ಲಿ ಹನ್ನೊಂದರಲ್ಲಿ ಸಿಗುತ್ತದೆ. ನಿಮ್ಮ ಪ್ರತಿಯಲ್ಲಿ ವರ್ಷ ನಮೂದಿಸಿಲ್ಲದಿದ್ದರೆ ಭಾಗಗಳನ್ನು ಎಣಿಸಿ ನೋಡಿ. 1926ಕ್ಕಿಂತ ಮೊದಲು ಅಚ್ಚಾದ ಪ್ರತಿಯಾದರೆ ಎಣಿಸುವ ಅಗತ್ಯವೂ ಇಲ್ಲ: 1805ರ ಪಾಠ ಇಡಿಯಾಗಿ ಮೊದಲು ಅಚ್ಚಾದದ್ದೇ ಆ ವರ್ಷ.